ಹೋದವರ ಹಿಂದ ಕಸಾ ಹೊಡದ ಮನಿ

ನಾ ಹೇಳೂದ್ರಾಗ ಒಂದ ಅಕ್ಷರ ಸುಳ್ಳಿದ್ರ, ಈ ಸ್ಟ್ಯಾಂಡಿಗೆ ಬರೂ ಬಸ್ಸೆಲ್ಲಾ ನನ್ನ ಬಿಟ್ಟ ಹೋಗ್ಲಿ. ಬರ್ರಿ, ಬಾಜೂಕ ಕುಂದರ್ರಿ. ಬ್ಯಾಗ ನನ್ನ ಕರದಂಟಿನ ಡಬ್ಬಿ ಮ್ಯಾಲ ಬ್ಯಾಡ, ಕೆಳಗ ಇಡ್ರಿ. ಹುಬ್ಬಳ್ಳಿ ಬಸ್ಸಿಗೆ ಇನ್ನೂ ಹೊತ್ತೈತಿ. ನಗೂದಿದ್ರ ಈಗ ನಕ್ಕ ಬಿಡ್ರಿ. ಮಹೇಶನೂ ಹಿಂಗ ನಕ್ಕಿದ್ದ.

ಮಹೇಶ ಹುಬ್ಬಳ್ಳಿಯಾಂವ. ಗೋಕಾಕ ಫಾಲ್ಸಿಗೆ ಹೋಗೂ ಹಾದ್ಯಾಗ ನಮ್ಮ ಓಣಿ ಐತಿ. ನಮ್ಮ ಮನಿ ಎದರಿನ ಮನಿ ಖರೀದಿ ಮಾಡಿದ. ಇರಾಕಲ್ಲ. ಮಳಿಗಾಲದಾಗ ಫಾಲ್ಸ್ ತುಂಬಿ ಬೀಳೂದು ನೋಡಾಕ ಮಂದಿ ಬರ್ತಾರಲ್ಲ, ಅವರಿಗೆ ದಿನದ ಬಾಡಗಿಗೆ ಕೊಡಾಕ. ಅವನಕಿಂತ ಮೊದಲ ಓಣ್ಯಾಗ ಭಾಳ ಮಂದಿ ಹಂಗ ಮಾಡಿದ್ರು. ಗೋಡಿಗೆ ನೀಲಿ ಬಣ್ಣಾ, ಬಾಗಲದಾಗ ಒಂದು ಹೂವಿನ ಗಿಡಾ, ಮೊಬೈಲನ್ಯಾಗ ಫೋಟೋ. ಊರಾಗ ದುಡಿಯೂ ಮಂದಿಗೆ ಬಾಡಗಿ ಮನಿ ಸಿಗದಂಗಾತು. ನಮ್ಮ ಸಾಲಿ ಮಾಸ್ತರ ಕೌಜಲಗಿಯಿಂದ ಬಸ್ಸಿನ್ಯಾಗ ನಿಂತು ಬರಾಕ ಹತ್ತಿದ್ರು, ಬಂದು ಕ್ಲಾಸಿನ್ಯಾಗ ನಿದ್ದಿ ಹೊಡಿಯಾಕ ಹತ್ತಿದ್ರು. ಕಡಿಗೆ ಓಣಿ ಹಿರ್ಯಾರು ಕೂಡಿ ಒಂದು ಠರಾವ ಮಾಡಿದ್ರು. ಸಂಸಾರ ಇದ್ದ ಮನಿ ಬಿಡಿಸಿ ಇನ್ನ ಮ್ಯಾಲ ಯಾರೂ ದಿನದ ಬಾಡಗಿಗೆ ಕೊಡಬಾರದು ಅಂತ.

"ಈ ಠರಾವಿಗೆ ಸರಕಾರದ ಸಿಕ್ಕಾ ಎಲ್ಲೈತ್ರಿ ಕಾಕಾ?" ಅಂದ ಮಹೇಶ.

ಸಿಕ್ಕಾ ಇರಲಿಲ್ಲ.

ಅವ ತಗೊಂಡ ಮನ್ಯಾಗ ಗುಡ್ಡವ್ವ ಬಾಡಗಿ ಇದ್ಲು, ಮಗಳು ದೀಪಾನ ಕಟಗೊಂಡು. ಹಾಸ್ಟೇಲಿನ್ಯಾಗ ರೊಟ್ಟಿ ಬಡಿಯಾಕಿ. ದೀಪಾ ಹುಟ್ಟಿದ್ದ ಆ ಮನ್ಯಾಗ, ಈಗ ಕಾಲೇಜಿಗೆ ಹೊಂಟಾಳ. ಮಹೇಶ ಮನಿ ಬಿಡ್ರಿ ಅಂದ. ಗುಡ್ಡವ್ವ ಊರೆಲ್ಲಾ ಅಡ್ಡಾಡಿದ್ಲು. ಒಬ್ಬರು ಫಾಲ್ಸಿನ ಮಂದಿಗಷ್ಟ ಕೊಡತೇವಿ ಅಂದ್ರು. ಇನ್ನೊಬ್ಬರು ಜಾತಿ ಕೇಳಿ ಬಾಗಲಾ ಹಾಕ್ಕೊಂಡ್ರು. ಕಡಿಗೆ ಗಂಟ ಕಟ್ಟಿ ಘೋಡಗೇರ್ಯಾಗ ತಂಗಿ ಮನಿ ದನದ ಕೊಟಗಿಗೆ ಹೊಂಟ ನಿಂತ್ಲು.

ಹೊಸ್ತಲಾ ದಾಟಿ ತಿರಗಿ ನೋಡಿದ್ಲು. "ಸಾವಕಾರ್ರ, ಒಂದ ಮಾತ. ನಾವು ಮನಿ ಮುಟ್ಟೂತನಾ ಕಸಾ ಹೊಡಿಬ್ಯಾಡ್ರಿ. ಹೋದವರ ಹಿಂದ ಕೂಡ್ಲೆ ಕಸಾ ಹೊಡಿಯೂದು ಹೆಣಾ ಎತ್ತಿದ ಮ್ಯಾಲ ಅಷ್ಟ."

"ಘೋಡಗೇರಿ ಮುಟ್ಟಾಕ ಎಷ್ಟ ಹೊತ್ತ ಬೇಕವ್ವ?"

"ಘೋಡಗೇರಿ ಅಲ್ರಿ. ಮನಿ."

"ನಿಮಗ ಮನಿ ಸಿಗೂತನಾ ನಾ ಧೂಳದಾಗ ಕುಂದರ್ಲೇನು? ಮಧ್ಯಾಹ್ನಕ್ಕ ಮಿರಜದ ಪಾರ್ಟಿ ಬರೂದೈತಿ."

ಗುಡ್ಡವ್ವ ಬಗ್ಗಿ ಹೊಸ್ತಲದ ಮಣ್ಣು ಒಂದು ಚಿಟಿಕಿ ತಗೊಂಡು ಸೆರಗಿನ ತುದಿಗೆ ಗಂಟ ಹಾಕಿದ್ಲು. ತುಟಿ ಅಲಗ್ಯಾಡಿದ್ವು. ಮಂತ್ರ ಇತ್ತೋ ಬೈಗುಳ ಇತ್ತೋ, ನನಗ ಕೇಳಸಲಿಲ್ಲ. ಕೇಳಿಸಿದ್ರ ನಿಮಗ ಹೇಳತಿದ್ನಿ, ನಾ ಮುಚ್ಚಿಡಾಂವ ಅಲ್ಲ.

ಆಕಿ ಇನ್ನೂ ಓಣಿ ತಿರುವು ದಾಟಿರಲಿಲ್ಲ. ಮಹೇಶ ಕಸಬರಗಿ ಹಿಡದ.

ಸರ್. ಸರ್. ಸರ್.

ಕಸದಾಗ ಒಂದೀಟು ಚುರುಮುರಿ ಬಂತು. ಹೆಣದ ಮ್ಯಾಲ ತೂರತಾರಲ್ಲ, ಹಂತಾದ್ದು. ಎಣ್ಣಿ ಇಲ್ಲ, ಉಪ್ಪಿಲ್ಲ, ಮ್ಯಾಲ ಗುಲಾಲ ಹತ್ತಿತ್ತು. "ಮುದುಕಿ ಗಿರ್ಮಿಟ್ ಮಾಡಿ ತಿಂದಾಳ" ಅಂದ ಮಹೇಶ. ಗುಲಾಲ ಹಾಕಿ ಗಿರ್ಮಿಟ್ ಯಾರ ಮಾಡತಾರ, ನೀವ ಹೇಳ್ರಿ.

ಮಿರಜದ ಗಂಡಾ ಹೆಂಡತಿ ಬಂದ್ರು, ಇದ್ರು, ಕೈ ಬೀಸಿ ಹೋದ್ರು. ಅವರ ಹಿಂದನ ಮಹೇಶ ಕಸಾ ಹೊಡದ. ಇನ್ನೊಂದು ಪಾರ್ಟಿ ಬರಬೇಕಲ್ಲ, ಅವನ ಧಂದೇನ ಹಂತಾದ್ದು. ಸಂಜಿಗೆ ಮಿರಜದಿಂದ ಫೋನ್ ಬಂತು, ನಮ್ಮವರು ಇನ್ನೂ ಮನಿ ಮುಟ್ಟಿಲ್ಲ ಅಂತ. ಮಹೇಶ ಆ ಹೋದವರಿಗೇ ಫೋನ್ ಹಚ್ಚಿದ.

"ಹಾದ್ಯಾಗ ಅದೇವ್ರಿ," ಅಂದ ಆ ಗಂಡಸು. "ಇನ್ನೇನ ಮುಟ್ಟತೇವಿ."

ಅವನ ಮಾತಿನ ಹಿಂದ ಫಾಲ್ಸ್ ಬೀಳೂ ಸಪ್ಪಳ ಕೇಳಾಕತ್ತಿತ್ತು.

ಮರುದಿನ ಫೋನ್ ಮಾಡಿದ್ರೂ ಅದ ಮಾತು, ಅದ ಸಪ್ಪಳ. ಆಮ್ಯಾಲ ಒಂದ ದಿನ ಅದ ಕಾರ ಬಾಗಲದಾಗ ಬಂದು ನಿಂತಿತು. ಅದ ಗಂಡಾ ಹೆಂಡತಿ. "ರೂಮ ಐತೇನ್ರಿ? ಗೋಕಾಕಿಗೆ ಮೊದಲನೇ ಸಲಾ ಬಂದೇವಿ." ಮಹೇಶ ಚೇಷ್ಟಿ ಅನಕೊಂಡು ನಕ್ಕ, ರೂಮ ಕೊಟ್ಟ. ಅವರು ಹೋದ್ರು. ಕಸಾ ಹೊಡದ. ಮತ್ತ ಬಂದ್ರು. ಸೊಲ್ಲಾಪುರದವರೂ ಹಂಗ. ವಿಜಾಪುರದ ಹೊಸಾ ಲಗ್ನದ ಜೋಡಿನೂ ಹಂಗ. ಬಂದಾಗೊಮ್ಮೆ ಮೈಯಾಗ ಒಂದೀಟು ಕಮ್ಮಿ. ಆ ಹುಡಿಗಿ ಕೈಯಾಗಿನ ಮದರಂಗಿ ನಿನ್ನೆ ಹಚ್ಚಿದಂಗ ಇತ್ತು, ಕೈ ಮಾತ್ರ ಒಣಗಿದ ಕಟಗಿ ಆಗಿತ್ತು. ಮನಿಯೊಳಗ ಬಾಡಿದ ಚೆಂಡಹೂವಿನ ವಾಸನಿ. ಫಿನೈಲ್ ಹಾಕಿದ. ಊದಿನಕಡ್ಡಿ ಹಚ್ಚಿದ. ಆಗ ಹೆಣದ ಮನಿ ವಾಸನಿ ಪೂರ್ತಿ ಆತು.

ನಾ ಕರದು ಹೇಳಿದ್ನಿ. "ತಮ್ಮಾ, ಚಾವಿ ಒಯ್ದು ಗುಡ್ಡವ್ವಗ ಕೊಡು. ಆಕಿ ಮನಿ ಮುಟ್ಟಿದ್ರ ಇವರೆಲ್ಲಾ ಅವರವರ ಮನಿ ಮುಟ್ಟತಾರ."

"ಸೀಜನ್ ಒಂದ ಮುಗೀಲಿ ಕಾಕಾ."

ಆಷಾಢದಾಗ ಒಂದ ಮಧ್ಯಾಹ್ನ. ಘಟಪ್ರಭಾ ಕೆಂಪಗ ತುಂಬಿ ಹರಿಯಾಕತ್ತಿತ್ತು, ಫಾಲ್ಸಿನ ಗದ್ದಲಕ್ಕ ನಮ್ಮ ಅಡಗಿ ಮನ್ಯಾಗಿನ ತಾಟ, ಗಂಗಾಳ ನಡಗಾಕತ್ತಿದ್ವು. ಮೋಡ ಕವದು ಹಗಲ ಹೊತ್ತನ್ಯಾಗ ಎದರ ನಿಂತವರ ಮಾರಿ ಕಾಣವಲ್ದು. ಕರೆಂಟ ಹೋಗಿತ್ತು. ನಮ್ಮ ಕಿಡಕಿ, ಅವನ ಬಾಗಲಾ ಎದರಾಬದರಾ. ನಾ ನೋಡಾಕತ್ತಿದ್ನಿ. ಓಣಿ ತಿರುವಿನಿಂದ ಮಂದಿ ಬಂದ್ರು. ಸಪ್ಪಳಿಲ್ಲದ ನಡಿಗಿ. ಮಿರಜದವರು. ಸೊಲ್ಲಾಪುರದವರು. ಮದರಂಗಿ ಹುಡಿಗಿ. ಹೋದವರೆಲ್ಲಾ ಒಮ್ಮೆಲೆ. ಮಳ್ಯಾಗ ತೋಯ್ದಿದ್ರು. ನೀರು ಮಾತ್ರ ಕೆಳಗ ಬೀಳವಲ್ದು.

"ರೂಮ ಐತೇನ್ರಿ?"

ಎಲ್ಲಾರೂ ಒಂದ ದನಿ. ಮಹೇಶ ಹಿಂದ ಸರದ. ಅವರು ಒಳಗ ಬಂದ್ರು. ಪಡಸಾಲಿ ತುಂಬಿತು. ಬೆನ್ನಿಗೆಲ್ಲಾ ಚುರುಮುರಿ. ಗುಲಾಲ. ಚೆಂಡಹೂವಿನ ವಾಸನಿ ಓಣಿ ದಾಟಿ ನನ್ನ ಮೂಗಿಗೆ ಬಡೀತು.

"ಮೊದಲನೇ ಸಲಾ ಬಂದೇವ್ರಿ."

ಮಹೇಶ ಬ್ಯಾಗ ಎತ್ತಿದ. ಹೊರಗ ಜಿಗದ. ಬಾಗಲಾ ಎಳದ. ಕೀಲಿ ಹಾಕಿದ. ಜೀವ ಹೋಗೂ ಹೊತ್ತನ್ಯಾಗೂ ಕೀಲಿ ಮರೀಲಿಲ್ಲ, ಮಾಲಕ ನೋಡ್ರಿ. ಚಾವಿ ಕಿಸೆದಾಗ ಇಟ್ಟ. ಓಡಿದ. ತಿರುವು ದಾಟಿರಲಿಲ್ಲ.

ಕೀಲಿ ಹಾಕಿದ ಮನಿ ಒಳಗ ಕಸಬರಗಿ ಎದ್ದಿತು.

ಸರ್. ಸರ್. ಸರ್.

ಅವನ ಹಿಂದ ಕಸಾ ಹೊಡಿಯಾಕತ್ತಿದ್ರು.

ಅವತ್ತಿಂದ ಅವ ಹುಬ್ಬಳ್ಳಿ ಮುಟ್ಟಿಲ್ರಿ. ಬಸ್ ಹತ್ತತಾನ, ತಿಕೀಟ ತಗೋತಾನ. ಊರ ದಾಟೂದ್ರಾಗ ಸೀಟ ಖಾಲಿ. ಮರುದಿನ ಮತ್ತ ಈ ಸ್ಟ್ಯಾಂಡಿಗೆ ಬರತಾನ. ನನ್ನ ಗುರುತ ಇರಂಗಿಲ್ಲ. "ಹುಬ್ಬಳ್ಳಿ ಬಸ್ ಎಷ್ಟೊತ್ತಿಗ್ರಿ ಕಾಕಾ?" ಅಂತಾನ.

ನಮ್ಮ ಓಣ್ಯಾಗ ಈಗ ಎಲ್ಲಾರೂ ಆ ಠರಾವ ಪಾಳಿಸ್ತಾರ. ಸಿಕ್ಕಾ ಯಾರೂ ಕೇಳವಲ್ರು. ಮಾಸ್ತರಗ ಮನಿ ಸಿಕ್ಕೈತಿ, ಈಗ ಮನ್ಯಾಗ ನಿದ್ದಿ ಹೊಡೀತಾರ. ಆ ಒಂದ ಮನಿ ಅಷ್ಟ ಕೀಲಿ ಬಿದ್ದೈತಿ. ಕೀಲಿ ಮುರದ್ರ ಉಪಯೋಗಿಲ್ಲ, ಮನಿ ಬಿಡಿಸಿದಾವನ ಕೈಲೇ ಚಾವಿ ಬರಬೇಕು. ಗುಡ್ಡವ್ವ ಇನ್ನೂ ಕೊಟಗ್ಯಾಗ ಅದಾಳ. ದೀಪಾ ದಿನಾ ಘೋಡಗೇರಿ ಬಸ್ಸಿಗೆ ಬಂದು ಕಾಲೇಜಿಗೆ ಹೋಗತಾಳ. ಅಗೋ, ಕಂಬದ ಬಾಜೂಕ, ಹಸರ ಓಢಣಿ. ಚಾವಿ ಆಕಿ ಕೈಯಾಗ ಇಟ್ರ ಸಾಕು. ತಾಯಿ ಮಗಳು ಮನಿ ಮುಟ್ಟತಾರ, ಅವನೂ ಮುಟ್ಟತಾನ. ದಿನಾ ಹೇಳತೇನಿ. ದಿನಾ ನಕ್ಕೋತ ಕೇಳತಾನ. ಕಥಿ ಇಲ್ಲಿಗೆ ಬಂದ ಕೂಡ್ಲೆ...

ಯಾಕ, ಎದ್ರಿ? ಅದು ಕೌಜಲಗಿ ಬಸ್ರಿ, ಹುಬ್ಬಳ್ಳಿದಲ್ಲ. ನಿಲ್ರಿ, ನಿಮ್ಮ ಅಂಗಿ ಬೆನ್ನಿಗೆ ಗುಲಾಲ ಹತ್ತಿದ ಒಂದೀಟು ಚುರುಮುರಿ ಐತಿ, ಕೊಡವತೇನಿ, ಕಿಸೆದಾಗಿನ ಆ ಚಾವಿ ಅಷ್ಟ ಆ ಹುಡಿಗಿ ಕೈ