ಎಕ್ಸ್‌ರೇಯಲ್ಲಿ ಕಂಡ ಕೈ

ಇಪ್ಪತ್ತು ವರ್ಷದಿಂದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು ನಾನು. ಅವತ್ತು ಮೆಟ್ಟಿಲಲ್ಲಿ ಜಾರಿ ನನ್ನದೇ ಮಣಿಕಟ್ಟಿನ ಮೂಳೆ ಮುರಿಯಿತು. ಮಟಮಟ ಮಧ್ಯಾಹ್ನ, ಎಕ್ಸ್‌ರೇ ಮೇಜಿನ ಮೇಲೆ ಕೈಯಿಟ್ಟು ಒಬ್ಬಳೇ ಕೂತಿದ್ದಾಗ, ಬೆರಳುಗಳ ಸಂದಿಗೆ ತಂಪು ಇಳಿದು ನೋವು ಕಡಿಮೆಯಾಯಿತು.

ಹೊರಗೆ ಪರದೆಯಲ್ಲಿ ಚಿತ್ರ ನೋಡುತ್ತಿದ್ದ ಜೊತೆಕೆಲಸದವಳು ಕೂಗಿದಳು: “ಒಳಗೆ ಯಾರನ್ನೂ ಬಿಡ್ಬೇಡ ಅಂತ ನೀವೇ ಬೈತೀರ. ಕೈ ಹಿಡ್ಕೊಂಡಿರೋದು ಯಾರಕ್ಕಾ?”

ಚಿತ್ರದಲ್ಲಿ ನನ್ನ ಬೆರಳುಗಳ ನಡುವೆ ಇನ್ನೊಂದು ಕೈಯ ಮೂಳೆಗಳು ಹೆಣೆದುಕೊಂಡಿದ್ದವು. ಅದರ ಕಿರುಬೆರಳು ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ಗೋಡೆಯಿಂದ ಬೀಳುತ್ತಿದ್ದ ನನ್ನನ್ನು ಹಿಡಿಯಲು ಹೋಗಿ ಅಮ್ಮ ಮುರಿದುಕೊಂಡ ಬೆರಳದು. ಅಮ್ಮ ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

“ನಿಂಗೆ ಸುಮ್ನೆ ಇರೋಕೇ ಬರಲ್ವಲ್ಲಮ್ಮಾ,” ಎಂದೆ. ಹೆದರಿಕೆಯಾಗಲಿಲ್ಲ.

ಕೂಡಲು ಆರು ವಾರ ಬೇಕೆಂದು ಡಾಕ್ಟರು ಹೇಳಿದ್ದ ಮೂಳೆ ಹನ್ನೊಂದೇ ದಿನಕ್ಕೆ ಕೂಡಿತ್ತು. ಡಾಕ್ಟರು ಅವತ್ತಿನದು, ಹೊಸದು ಎರಡೂ ಚಿತ್ರಗಳನ್ನು ನೋಡಿ, ಕವರಿಗೆ ಹಾಕಿ ನನಗೇ ಕೊಟ್ಟರು.