ಇಪ್ಪತ್ತಮೂರನೆಯ ರೋಗಿಯ ಸಾರಾಂಶ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಹಾಸಿಗೆ ಹಿಡಿದ ರೋಗಿಗಳ ಬಗ್ಗೆ ನನ್ನ ಸಂಶೋಧನೆ. ಮನೆಮನೆಗೆ ಹೋಗಿ ಅವರ ಮಾತನ್ನು ರೆಕಾರ್ಡ್ ಮಾಡಿ ತರುತ್ತಿದ್ದೆ. ಎಐ ಅದನ್ನೆಲ್ಲ ಕೇಳಿ ಸಾರಾಂಶ ಬರೆದುಕೊಡುತ್ತಿತ್ತು. ಇಪ್ಪತ್ತಮೂರನೆಯವರು ಒಬ್ಬ ಮುದುಕ ದರ್ಜಿ. ಹೊಸ್ತಿಲು ದಾಟುವ ಮೊದಲೇ ರೆಕಾರ್ಡರ್ ಒತ್ತುವುದು ನನ್ನ ಅಭ್ಯಾಸ.

ಅವರ ಸೊಸೆ ನನ್ನನ್ನು ಖಾಲಿ ಮಂಚದ ಪಕ್ಕ ಕೂರಿಸಿದಳು. "ಮಾವ ನಿನ್ನೆ ಹೋಗ್ಬಿಟ್ರಮ್ಮ. ನಿಮಗೆ ಫೋನ್ ಮಾಡೋಕೂ ತೋಚ್ಲಿಲ್ಲ," ಎಂದು ಹೇಳಿ, ಯಾರೋ ಕರೆದರೆಂದು ಹೊರಗೆ ಹೋದಳು. ಇಪ್ಪತ್ತು ನಿಮಿಷ ಒಬ್ಬಳೇ ಕೂತಿದ್ದೆ. ಸೆಕೆಗೆ ಕತ್ತು ಬೆವರುತ್ತಿತ್ತು, ಪಾದ ಮಾತ್ರ ತಣ್ಣಗಾಗಿ ಜೋಮು ಹಿಡಿದಿತ್ತು.

ಆ ಫೈಲನ್ನು ಅಳಿಸಲು ಮರೆತು, ಉಳಿದವುಗಳ ಜೊತೆ ಎಐಗೆ ಕೊಟ್ಟೆ. ಸಾರಾಂಶ ಬಂತು: 'ಕಾಲು ತಣ್ಣಗಾಗಿದೆ ಎಂದು ರೋಗಿ ಮೂರು ಸಲ ಹೇಳುತ್ತಾರೆ.'

ರೆಕಾರ್ಡಿಂಗ್ ಕೇಳಿದೆ. ಮೊದಲಿಗೆ ಸೊಸೆಯ ಮಾತು, ಆಮೇಲೆ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ.

ನನ್ನ ಸಂಶೋಧನೆಯ ಗೈಡ್‌ಗೆ ತೋರಿಸಿದೆ. ಅವರು ನಕ್ಕರು. "ಅದರ ಹಣೆಬರಹಾನೇ ಅಷ್ಟು ಕಣಮ್ಮ. ಏನೂ ಸಿಗ್ಲಿಲ್ಲ ಅಂದ್ರೆ ಅಂತೆಕಂತೆ ಕಟ್ಟತ್ತೆ. ಅಳಿಸಿ ಹಾಕು."

ನನಗೆ ಹೆದರಿಕೆಯೂ ಆಗಲಿಲ್ಲ, ನಗುವೂ ಬರಲಿಲ್ಲ. ಅಳಿಸುವ ಮೊದಲು ಇನ್ನೊಮ್ಮೆ ಎಐಗೆ ಹಾಕಿ ನೋಡಿದೆ. ಅದೇ ಸಾಲು ಬಂತು, ಅದರ ಕೆಳಗೆ ಹೊಸದೊಂದು: 'ಸಂದರ್ಶಕಿ ಮಾತಾಡದೆ ಕಂಬಳಿ ಎಳೆದು ಹೊದಿಸುತ್ತಾಳೆ. ಆಮೇಲೆ ರೋಗಿ ಏನೂ ಹೇಳುವುದಿಲ್ಲ.'

ಮಂಚದಿಂದ ಜಾರುತ್ತಿದ್ದ ಕಂಬಳಿಯನ್ನು ಆ ದಿನ ನಾನು ಮೇಲಕ್ಕೆ ಎಳೆದದ್ದು ನಿಜ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.