ಯಾರ ಹೊಗೆ?

ರತ್ನವ್ವನ ಎರಡು ಶ್ವಾಸಕೋಶಗಳು ಅವಳ ಮಂಚದ ಮೇಲೆ ಗಾಳಿಯಲ್ಲಿ ತೇಲುತ್ತಿದ್ದವು. ಬೆಳಕಿನಲ್ಲಿ ಮೂಡಿದ ಬಿಂಬ ಅದು. ಅವಳು ಉಸಿರೆಳೆದರೆ ಹಿಗ್ಗುತ್ತಿತ್ತು, ಬಿಟ್ಟರೆ ಕುಗ್ಗುತ್ತಿತ್ತು. ಮೂಗಿಗೆ ಕೊಟ್ಟ ತಂಪು ಮಂಜಿಗೆ ಅವಳಿಗೆ ಅರೆನಿದ್ದೆ ಹತ್ತಿತ್ತು. ತನ್ನ ಎದೆಯೊಳಗೆ ತಾನೇ ಇಳಿದು, ನೆಲವಿಲ್ಲದ ದಾರಿಯಲ್ಲಿ ನಡೆದು ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು.

ಇದು 2061ರ ಹುಬ್ಬಳ್ಳಿ. ಬಿಂಬ ಮೂಡಿಸುವ ಯಂತ್ರದ ಹೆಸರು ಹೊಗೆಗನ್ನಡಿ; ಹೊಗೆಯ ಮೂಲವನ್ನು ಕೇಳಿ ಬರೆದಿಡುವುದೂ ಅದೇ. ಅದನ್ನು ಕಟ್ಟಿದವಳು ಡಾಕ್ಟರ್ ಫರ್ಜಾನಾ.

"ಆ ಬೂದು ಗಡ್ಡಿ ಕಾಣ್ತೈತಲ್ಲ ಅವ್ವಾರ, ಅದ ಕಳ್ಳ," ಎಂದಳು ಅವಳು.

ಹೊಗೆ ಜೀವಕೋಶದೊಳಗಿನ ಡಿಎನ್ಎ ಬರಹವನ್ನು ಒಂದೊಂದೇ ಅಕ್ಷರವಾಗಿ ಕೆಡಿಸುತ್ತದೆ. ಕೆಟ್ಟು ಕೆಟ್ಟು ಕೊನೆಗೊಂದು ಕೋಶ, ಬೆಳೆಯುವುದನ್ನು ನಿಲ್ಲಿಸುವುದು ಹೇಗೆಂಬುದನ್ನೇ ಮರೆಯುತ್ತದೆ. ಕ್ಯಾನ್ಸರ್ ಅಂದರೆ ಅಷ್ಟೇ. ರಕ್ತದ ಕಾವಲು ಕೋಶ ವಿಚಾರಿಸಲು ಬಂದರೆ ಆ ಕೆಟ್ಟ ಕೋಶ ಅದರ ಕೈ ಹಿಡಿದು, 'ನಾನು ನಿಮ್ಮವನೇ' ಅನ್ನುತ್ತದೆ. ಕಾವಲುಗಾರ ನಂಬಿ ಹೊರಟುಹೋಗುತ್ತಾನೆ. ಆ ಸುಳ್ಳು ಕೈಯನ್ನು ಬಿಡಿಸುವ ಔಷಧ ಹಳೆಯದು. ಫರ್ಜಾನಾ ಮುಂದೆ ಹೋಗಿದ್ದಳು. ರೋಗಿಯ ಕಾವಲು ಕೋಶಗಳನ್ನು ಹೊರತೆಗೆದು, ಕೆಟ್ಟ ಅಕ್ಷರಗಳ ಗುರುತು ಕಲಿಸಿ ಮರಳಿ ಒಳಗೆ ಬಿಡುತ್ತಿದ್ದಳು. ಅವು ಮಾಡುವ ಕೆಲಸ ಈ ಬಿಂಬದಲ್ಲಿ ಕಾಣುತ್ತಿತ್ತು.

ರತ್ನವ್ವ ಅವನ್ನು ನೋಡಿದಳು. ಬಿಳಿ ಎಳ್ಳು ಚೆಲ್ಲಿದ ಹಾಗೆ ಸಾವಿರಾರು ಚುಕ್ಕೆಗಳು ಗಡ್ಡೆಯ ಸುತ್ತ ಮೆಲ್ಲಗೆ ತೇಲುತ್ತಿದ್ದವು. ಅರ್ಧದಷ್ಟು ಮಂಕಾಗಿದ್ದವು.

"ಯಾಕ ಮಲಗ್ಯಾವು?"

"ದಣದಾವ್ರಿ. ದಿನಾ ಹೊಸಾ ಹೊಗಿ ಒಳಗ ಹೊಕ್ಕಾಕತ್ತೈತಿ. ಎಷ್ಟಂತ ಕಾದಾಡ್ತಾವ? ಇದು ನಿಲ್ಲಲಿಲ್ಲಂದ್ರ ಗಡ್ಡಿ ಗೆಲ್ತೈತಿ, ಮುಚ್ಚಿಟ್ಟು ಹೇಳೂದಿಲ್ಲ. ಯಾರ ಹೊಗಿ ಅದು?"

"ಮನಿಯವರದು," ಎಂದಳು ರತ್ನವ್ವ.

ಯಂತ್ರ ತಕ್ಷಣ ನುಡಿಯಿತು: "ಮೂಲ: ಮನೆ. ದಯವಿಟ್ಟು ಒಲೆಯನ್ನು ಬದಲಿಸಿ."

ಬಾಗಿಲ ಹತ್ತಿರ ಕುಳಿತಿದ್ದ ಗಂಡ ಪರಸಪ್ಪನ ಮುಖ ಅರಳಿತು. "ಹಂಗಾರ ಒಲೀದ ತಪ್ಪು! ನಾಳೆನ ಕಿತ್ತ ಒಗೀತೀನಿ ಬಿಡ್ರಿ ಅಕ್ಕಾರ."

"ಯಾವ ಒಲಿ ಐತ್ರಿ ಯಜಮಾನ್ರ?"

"ಕರೆಂಟಿಂದು."

"ಕರೆಂಟಿನ ಒಲಿ ಹೊಗಿ ಉಗುಳತೈತೇನ್ರಿ?"

ಪರಸಪ್ಪ ಫ್ಯಾನು ನೋಡತೊಡಗಿದ.

ಜಗತ್ತಿನ ಹೊಗೆಯೆಲ್ಲ ತಿಳಿದ ಯಂತ್ರಕ್ಕೆ ಇಷ್ಟು ತಿಳಿಯಲಿಲ್ಲ: ರತ್ನವ್ವನ ಕಡೆ ಮನಿಯವರು ಅಂದರೆ ಗಂಡ. ಅವನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅಜ್ಜಿ ಕಲಿಸಿದ್ದಳು. ಹೇಳದಿದ್ದರೆ ಹೆಂಡತಿಯ ಆಯುಷ್ಯ ಏನಾಗುತ್ತದೆಂದು ಅಜ್ಜಿಯನ್ನು ಯಾರೂ ಕೇಳಿರಲಿಲ್ಲ.

"ಬಾಯಿ ಬಿಟ್ಟು ಹೆಸರು ಹೇಳ್ರಿ ಅವ್ವಾರ. ನಾ ಊಹಿಸಿ ಬರದ್ರ ನಡಿಯೂದಿಲ್ಲ," ಎಂದಳು ಫರ್ಜಾನಾ.

ಮದುವೆ ಮನೆಯಲ್ಲಿ ಗೆಳತಿಯರು ಕಾಡಿದಾಗ ಹೆಂಗಸರು ಗಂಡನ ಹೆಸರನ್ನು ಪದ್ಯದೊಳಗೆ ಹೆಣೆದು ಹೇಳುತ್ತಾರೆ. ಅದಕ್ಕೆ ಒಡಪು ಅನ್ನುತ್ತಾರೆ; ಹಾಗೆ ಹೇಳಿದರೆ ದೋಷವಿಲ್ಲ. ರತ್ನವ್ವ ಕಣ್ಣು ಮುಚ್ಚಿದಳು. ಮಾತು ಎಲ್ಲೋ ದೂರದಿಂದ ತೇಲಿ ಬಂದಂತೆ ಬಂತು:

"ಊದಿನಕಡ್ಡಿಗೆ ಹೊಗಿ ಚಂದ, ಒಲಿಗೆ ಕೆಂಡ ಚಂದ,
ನನ್ನ ಎದಿಯಾಗಿನ ಹೊಗಿ ಪರಸಪ್ಪರಾಯರ ಬೀಡಿಯಿಂದ."

"ಮೂಲ: ಪರಸಪ್ಪ," ಎಂದಿತು ಯಂತ್ರ.

ಒಡಪು ಮುಗಿದ ಕೂಡಲೇ ಮದುವೆ ಮನೆ ನಗುತ್ತದೆ. ಇಲ್ಲಿ ಯಾರೂ ನಗಲಿಲ್ಲ. ಪರಸಪ್ಪ ಎದ್ದು ಬಂದು ಬಿಂಬದ ಪಕ್ಕ ನಿಂತ. ರತ್ನವ್ವ ಉಸಿರೆಳೆದಳು, ಹಿಗ್ಗಿದ ಬೆಳಕು ಅವನ ಅಂಗಿಯ ಮೇಲೆ ಹರಿದು, ಮತ್ತೆ ಹಿಂದಕ್ಕೆ ಸರಿಯಿತು.

"ನಮ್ಮ ಮದುವಿ ಕಾಲಕ್ಕ ಈ ಮಷಿನ್ ಇತ್ತೇನ್ರಿ?" ಎಂದು ಕೇಳಿದ.

"ಇರಲಿಲ್ಲ."

"ಮತ್ತ? ನಮಗ ಹೆಂಗ ಗೊತ್ತಾಗಬೇಕು?"

ಫರ್ಜಾನಾಗೆ ಸಿಟ್ಟು ಬಂತು. "ಯಾಕ ಗೊತ್ತಿರಲಿಲ್ಲ? ಬೀಡಿ ಕಟ್ಟಿನ ಮ್ಯಾಲೆ ಕ್ಯಾನ್ಸರಿನ ಚಿತ್ರಾನ ಇತ್ತು. ಓದಾಕ ಬರದವರಿಗೂ ತಿಳೀಲಿ ಅಂತ ಹಾಕಿದ್ರು."

"ಇತ್ತು," ಎಂದ ಪರಸಪ್ಪ. ಬೂದು ಗಡ್ಡೆಯನ್ನೇ ನೋಡಿದ. "ಅಂಗಡಿಯಾಂವಗ ನಾನ ಹೇಳತಿದ್ದೆ. ಚಿತ್ರ ಇಲ್ಲದ ಮಗ್ಗಲಾ ಮ್ಯಾಲೆ ಮಾಡಿ ಕೊಡೋ ತಮ್ಮಾ ಅಂತ."